ಮಾವಿಗೆ ನೀರು ಬೇಡ, ಮಡಿಗೆ ಬಿಡುವು ಬೇಡ

ನವೆಂಬರ್ ಬಂದು ಮಳೆ ಹಿಂದೆ ಸರಿದರೆ ಜನರ ಗಮನ ಹಿತ್ತಲಿನತ್ತ ಹರಿಯುತ್ತದೆ. ಕೆಸರು ಆರಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಗುದ್ದಲಿ ಹಿಡಿಯಲು ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಹಾಗೆ ಹಿಡಿದ ಗುದ್ದಲಿ ಮೊದಲು ಹೋಗುವುದು ಮಾವಿನ ಮರದ ಬುಡಕ್ಕೆ. ಪಾತಿ ಬಿಡಿಸಿ, ಬುಟ್ಟಿ ಗೊಬ್ಬರ ಸುರಿದು, ಮೇಲೊಂದು ಹಿಡಿ ಯೂರಿಯಾ ಎರಚಿ, ಪೈಪ್ ಹಾಕಿ ನೀರು ಬಿಡುತ್ತಾರೆ. ಅಡ್ಡಾದಿಡ್ಡಿ ಬೆಳೆದ ರೆಂಬೆಗಳಿಗೆ ಕತ್ತರಿ ಬೀಳುತ್ತದೆ. ಉಳಿದ ಹುಮ್ಮಸ್ಸಿನಲ್ಲಿ ಅದೇ ಮರದ ನೆರಳಿನಲ್ಲಿ ಎರಡು ಮಡಿ ಮಾಡಿ, ಮೆಂತ್ಯ, ಕೊತ್ತಂಬರಿ ಚೆಲ್ಲಿ, ಇನ್ನು ತಾನಾಗಿ ಬೆಳೆಯಲಿ ಎಂದು ಕೈತೊಳೆದುಕೊಳ್ಳುತ್ತಾರೆ. ಫೆಬ್ರವರಿಯ ಹೊತ್ತಿಗೆ ಮಾವು ಹೂವಿಲ್ಲದೆ ತಾಮ್ರಬಣ್ಣದ ಚಿಗುರು ಹೊದ್ದು ನಿಂತಿರುತ್ತದೆ. ಮಡಿಯಲ್ಲಿ ನಾಲ್ಕು ಕಡ್ಡಿ ಕೊತ್ತಂಬರಿ ಉಳಿದಿರುತ್ತದೆ. ಆಗ ದೂರು ನರ್ಸರಿಯವನ ಮೇಲೆ, ಇಲ್ಲವೇ ಮಣ್ಣಿನ ಮೇಲೆ. ಆಗಿರುವುದು ಇಷ್ಟೇ, ಆರೈಕೆ ಅದಲುಬದಲಾಗಿದೆ. ಕರ್ನಾಟಕದ ಚಳಿಗಾಲದಲ್ಲಿ ಬಲಿತ ಹಣ್ಣಿನ ಮರಗಳು, ಅದರಲ್ಲೂ ಮಾವು, ಬಯಸುವುದು ನಮ್ಮ ಕೈತಡೆಯನ್ನು. ತರಕಾರಿ ಮಡಿಗೆ ಬೇಕಾದ್ದು ದಿನದಿನದ ದುಡಿಮೆ. ನಾವು ಮಡಿಗೆ ತೋರಿಸಬೇಕಾದ ಅಕ್ಕರೆಯನ್ನು ಮರಕ್ಕೆ ತೋರಿಸಿ ಎರಡನ್ನೂ ಕೆಡಿಸುತ್ತೇವೆ.

ಚಳಿಗಾಲವೆಂದರೆ ಮರ ಸವರುವ ಕಾಲ ಎಂಬ ತಿಳಿವಳಿಕೆ ನಮಗೆ ಬಂದದ್ದು ಚಳಿನಾಡಿನ ಪುಸ್ತಕಗಳಿಂದ, ಈಚೆಗೆ ಅಲ್ಲಿನ ವಿಡಿಯೋಗಳಿಂದ. ಅವು ಹೇಳುವುದು ಸುಳ್ಳೇನಲ್ಲ, ಆದರೆ ಹೇಳುತ್ತಿರುವುದು ಬೇರೆ ಮರಗಳ ಬಗ್ಗೆ. ಹಿಮಾಚಲ ಪ್ರದೇಶದ ಸೇಬಿನ ತೋಟಗಳಲ್ಲಿ ಡಿಸೆಂಬರ್ ಹೊತ್ತಿಗೆ ಮರ ಎಲೆಯೆಲ್ಲ ಉದುರಿಸಿ ನಿದ್ದೆಗೆ ಜಾರುತ್ತದೆ. ಆಗ ಕಡಿದರೆ ಮರಕ್ಕೆ ಪೆಟ್ಟು ಕಡಿಮೆ. ಯಾವ ಕೊಂಬೆ ಎತ್ತ ಚಾಚಿದೆ ಎಂಬುದೂ ಬೋಳು ಮರದಲ್ಲಿ ಚೆನ್ನಾಗಿ ಕಾಣುತ್ತದೆ. ಕತ್ತರಿ ಹಾಕುವುದು, ಕಾಂಡಕ್ಕೆ ಸುಣ್ಣ ಬಳಿಯುವುದು, ಪಾತಿ ಬಿಡಿಸಿ ಗೊಬ್ಬರ ಕೊಡುವುದು, ಎಲ್ಲವೂ ಅಲ್ಲಿ ಚಳಿಗಾಲದ ಕೆಲಸಗಳೇ. ಸೇಬು ಆ ನಿದ್ದೆಯಿಂದ ಏಳಬೇಕಾದರೆ ಶೀತದ ಒಂದು ಲೆಕ್ಕ ಪೂರ್ತಿಯಾಗಬೇಕು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಗಂಟೆಗಳನ್ನು ಕೂಡಿಸುತ್ತ ಹೋದರೆ, ಹಳೆಯ ತಳಿಗಳಿಗೆ ಅಂಥ ಸಾವಿರದ ಆಸುಪಾಸು ಗಂಟೆ ಬೇಕು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆ ದಿನವೂ ಸೇಬಿನ ಖಾತೆಗೆ ಒಂದು ಗಂಟೆ ಜಮೆಯಾಗಿಲ್ಲ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬೆಳೆಸಿದ, ಕಡಿಮೆ ಚಳಿಯಲ್ಲೂ ಕಾಯಿ ಕಟ್ಟುವ ಎಚ್‌ಆರ್‌ಎಂಎನ್-99 ಎಂಬ ಸೇಬಿನ ಸಸಿ ಈಗ ನಮ್ಮ ನರ್ಸರಿಗಳಿಗೂ ಬಂದಿದೆ. ಕುತೂಹಲಕ್ಕೆ ಒಂದು ನೆಟ್ಟು ನೋಡುವವರು ನೋಡಲಿ. ಆದರೆ ಆ ಒಂದು ಸಸಿಯ ಜೊತೆ ಬಂದ ಕತ್ತರಿಯ ಪಾಠವನ್ನು ಹಿತ್ತಲಿನ ಮಾವು, ಹಲಸು, ಸಪೋಟಕ್ಕೆ ಒಪ್ಪಿಸಬಾರದು. ಇವು ಎಲೆ ಉದುರಿಸಿ ಮಲಗುವ ಮರಗಳಲ್ಲ. ಹೊರಗಿನಿಂದ ಸುಮ್ಮನಿದ್ದಂತೆ ಕಾಣುವ ಹೊತ್ತಿನಲ್ಲೇ ಮಾವು ತನ್ನ ವರ್ಷದ ಮುಖ್ಯ ನಿರ್ಧಾರ ಮಾಡುತ್ತಿರುತ್ತದೆ.

ಆ ನಿರ್ಧಾರ ನಡೆಯುವುದು ರೆಂಬೆಯ ತುದಿಯಲ್ಲಿ. ಮಾವಿನ ಹೂಗೊಂಚಲು ಬರುವುದು ಹೆಚ್ಚಾಗಿ ಕಡ್ಡಿಯ ತುತ್ತತುದಿಯ ಮೊಗ್ಗಿನಿಂದ. ಅದೇ ಮೊಗ್ಗಿನಿಂದ ಹೊಸ ಎಲೆಚಿಗುರೂ ಬರಬಹುದು. ಯಾವುದು ಬರಬೇಕೆಂಬುದನ್ನು ತೀರ್ಮಾನಿಸುವುದು ಎರಡು ಸಂಗತಿ: ಕಡ್ಡಿ ಎಷ್ಟು ಬಲಿತಿದೆ, ರಾತ್ರಿ ಎಷ್ಟು ತಣ್ಣಗಿದೆ. ಫ್ಲಾರಿಡಾದಲ್ಲಿ ಥಾಮಸ್ ಡೆವನ್‌ಪೋರ್ಟ್ ಮತ್ತು ಸಂಗಡಿಗರು ಉಷ್ಣಾಂಶ ಹಿಡಿತದಲ್ಲಿಟ್ಟ ಕೋಣೆಗಳಲ್ಲಿ ಮಾವಿನ ಗಿಡಗಳನ್ನಿಟ್ಟು ನೋಡಿದ್ದಾರೆ. ಹಗಲು 18, ರಾತ್ರಿ 10 ಡಿಗ್ರಿ ಇದ್ದಲ್ಲಿ ಚಿಗುರಿದ ಮೊಗ್ಗು ಹೂವಾಯಿತು. ಹಗಲು 30, ರಾತ್ರಿ 25 ಡಿಗ್ರಿ ಇದ್ದಲ್ಲಿ ಎಲೆಯಾಯಿತು. ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಚಳಿ ಅಷ್ಟು ಕಟುವಲ್ಲ; ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಯ ಸುತ್ತ ಇರುತ್ತವೆ. ಆದ್ದರಿಂದ ಇಲ್ಲಿ ಕಡ್ಡಿಯ ವಯಸ್ಸಿಗೆ ಇನ್ನಷ್ಟು ಬೆಲೆ. ಮಳೆಗಾಲದಲ್ಲಿ ಚಿಗುರಿ, ನಾಲ್ಕೈದು ತಿಂಗಳು ಬಲಿತು, ಎಲೆ ಕಡುಹಸಿರಾಗಿ, ಬಗ್ಗಿಸಿದರೆ ಲಟ್ಟನೆ ಮುರಿಯುವಂತಾದ ಕಡ್ಡಿ ಈ ಸಣ್ಣ ಚಳಿಗೂ ಓಗೊಡುತ್ತದೆ. ನಿನ್ನೆ ಮೊನ್ನೆ ಚಿಗುರಿದ ಎಳೆ ಕಡ್ಡಿ ಓಗೊಡುವುದಿಲ್ಲ.

ನವೆಂಬರ್ ನೀರಿನ ಕೇಡು ಇಲ್ಲಿ ಅರ್ಥವಾಗುತ್ತದೆ. ನೀರು ನಿಲ್ಲಿಸಿದರೆ ಮಾವು ಹೆದರಿ ಹೂ ಬಿಡುತ್ತದೆ ಎಂದು ಹಲವರು ವಿವರಿಸುತ್ತಾರೆ. ನಡೆಯುವುದು ಅದಕ್ಕಿಂತ ಸರಳ. ನೆಲ ಒಣಗಿದ್ದರೆ ಮರ ಹೊಸ ಚಿಗುರಿಗೆ ಕೈಹಾಕದೆ ಇದ್ದ ಕಡ್ಡಿಗಳನ್ನು ಬಲಿಯಗೊಡುತ್ತದೆ. ನೀರು, ಸಾರಜನಕ ಎರಡೂ ಸಿಕ್ಕರೆ ಅದಕ್ಕೆ ಎಲೆಯ ಹಂಬಲ. ಹಾಗಾಗಿ ಮಾವಿನ ಗೊಬ್ಬರದ ಕಾಲ ಕೊಯ್ಲು ಮುಗಿದ ಮೇಲಿನ ಮಳೆಗಾಲ. ಹೆಚ್ಚೆಂದರೆ ಸೆಪ್ಟೆಂಬರ್‌ಗೆ ಮುಗಿಸಬೇಕು. ಹೂ ಬರುವುದಕ್ಕೆ ಎರಡು ಮೂರು ತಿಂಗಳ ಮುಂಚಿನಿಂದ ಬಲಿತ ಮರಕ್ಕೆ ನೀರು ಬೇಡ. ಕಾಯಿ ಬಟಾಣಿಯಷ್ಟಾದ ಮೇಲೆ ಧಾರಾಳವಾಗಿ ಕೊಡಬಹುದು. ಇದಕ್ಕೆ ಸಾಕ್ಷಿ ಬೇಕಿದ್ದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಹೋಗಬಹುದು. ಕೆಂಪು ಮಣ್ಣಿನ, ಬಹುಪಾಲು ಮಳೆಯನ್ನೇ ನಂಬಿದ ಆ ತೋಟಗಳಲ್ಲಿ ಚಳಿಗಾಲದಲ್ಲಿ ಮರಕ್ಕೆ ನೀರು ಕೊಡುವವರು ವಿರಳ. ರಾಜ್ಯದ ಮಾವಿನ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ಲಾಲ್‌ಬಾಗ್‌ನಲ್ಲಿದ್ದುಕೊಂಡು ರಾಜ್ಯದ ತೋಟಗಾರಿಕೆಯನ್ನು ಕಟ್ಟಿದ ಡಾ. ಎಂ.ಎಚ್. ಮರಿಗೌಡರು ಒಣಭೂಮಿಯಲ್ಲಿ ಹಣ್ಣಿನ ಮರ ಬೆಳೆಸಿರೆಂದು ಊರೂರು ತಿರುಗಿ ಹೇಳಿದ್ದು ನೀರಿನ ಕೊರತೆಗೆ ಸಮಾಧಾನವಾಗಿ ಮಾತ್ರವಲ್ಲ. ಮಾವಿನಂಥ ಮರದ ಸ್ವಭಾವಕ್ಕೂ ಆ ನೆಲ ಒಗ್ಗುತ್ತದೆ.

ನಾವು ನೀರು ನಿಲ್ಲಿಸಿದರೇನು, ಮಳೆ ನಿಲ್ಲಬೇಕಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2021ರ ನವೆಂಬರ್‌ನಲ್ಲಿ ದಕ್ಷಿಣ ಕರ್ನಾಟಕದಲ್ಲಿ ಎಡೆಬಿಡದೆ ಸುರಿದ ಮಳೆಗೆ ಮಾವಿನ ತೋಟಗಳು ಹೂವಿನ ಬದಲು ಚಿಗುರಿಗೆ ತಿರುಗಿದವು, ಮುಂದಿನ ಬೇಸಿಗೆಯ ಫಸಲು ತಡವಾಯಿತು, ಕುಗ್ಗಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮೇಲೆ ನಮಗೆ ಅಧಿಕಾರವಿಲ್ಲ. ಆದರೆ ಆ ಉದಾಹರಣೆ ನೀರು ಕೊಡಬೇಡಿ ಎಂಬ ಮಾತನ್ನು ಇನ್ನಷ್ಟು ಗಟ್ಟಿಮಾಡುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಮಳೆ ಕೆಡಿಸಿದ ವರ್ಷವನ್ನು ನಾವು ಇನ್ನಷ್ಟು ಕೆಡಿಸಬೇಕಾಗಿಲ್ಲ. ಅಕ್ಟೋಬರ್ ಮುಗಿಯುತ್ತಿದ್ದಂತೆ ಬುಡದ ಪಾತಿಯನ್ನು ಮುಚ್ಚಿ, ಮಣ್ಣನ್ನು ಕಾಂಡದಿಂದ ಹೊರಕ್ಕೆ ಇಳಿಜಾರು ಮಾಡಿದರೆ ಬಿದ್ದ ಮಳೆ ಹರಿದುಹೋಗುತ್ತದೆ. ಛಾವಣಿಯ ನೀರು, ಬಟ್ಟೆ ಒಗೆದ ನೀರು ಮರದ ಬುಡಕ್ಕೆ ಬೀಳುತ್ತಿದ್ದರೆ ಬೇರೆ ಕಡೆ ತಿರುಗಿಸಬೇಕು. ಪಟ್ಟಣದ ಮನೆಗಳಲ್ಲಿ ಮಾವು ಹೂ ಬಿಡದಿರುವುದಕ್ಕೆ ಬಚ್ಚಲ ನೀರೂ ಒಂದು ಕಾರಣವಾಗಿರುತ್ತದೆ, ಯಾರೂ ಅತ್ತ ನೋಡುವುದಿಲ್ಲ.

ಕತ್ತರಿಯ ಮಾತೂ ಇದೇ ತತ್ವದಿಂದ ಹೊರಡುತ್ತದೆ. ಹೂ ತುದಿಯಲ್ಲಿ ಬರುವ ಮರದ ತುದಿಗಳನ್ನು ಡಿಸೆಂಬರ್‌ನಲ್ಲಿ ಕತ್ತರಿಸಿದರೆ ಉದುರುವುದು ಮೇ ತಿಂಗಳ ಹಣ್ಣು. ಮರ ದಟ್ಟವಾಗಿದೆ, ಒಳಗೆ ಬಿಸಿಲಿಲ್ಲ, ಏನೂ ಮಾಡಬಾರದೇ ಎಂದರೆ, ಮಾಡಬೇಕು. ಆದರೆ ಜುಲೈ, ಆಗಸ್ಟ್‌ನಲ್ಲಿ, ಕೊಯ್ಲಾದ ಬೆನ್ನಿಗೆ. ಆಗ ಕತ್ತರಿಸಿದಲ್ಲಿ ಬರುವ ಚಿಗುರಿಗೆ ಬಲಿಯಲು ಸಮಯ ಸಿಗುತ್ತದೆ. ಚಳಿಗಾಲದಲ್ಲಿ ಗರಗಸಕ್ಕೆ ಒಪ್ಪಿಗೆಯಿರುವುದು ಒಣಗಿದ ಕೊಂಬೆಗೆ ಮತ್ತು ಬಂದಣಿಕೆಗೆ. ಬಂದಣಿಕೆ ಹಿಡಿದ ಮಾವಿನ ಕೊಂಬೆಯನ್ನು ಹತ್ತಿರದಿಂದ ನೋಡಿ: ಮರದ ಎಲೆಗಿಂತ ದಪ್ಪನೆಯ, ಬೂದುಹಸಿರಿನ ಎಲೆಯ ಪೊದೆ, ಅದು ಕಚ್ಚಿಕೊಂಡ ಜಾಗದಲ್ಲಿ ಕೊಂಬೆ ಗಂಟಾಗಿ ಊದಿಕೊಂಡಿರುತ್ತದೆ, ಗಂಟಿನಿಂದಾಚೆ ಮಾವಿನ ಎಲೆ ಬಡಕಲಾಗಿರುತ್ತದೆ. ಅದರ ಹಣ್ಣು ತಿಂದ ಪುಟ್ಟ ಹಕ್ಕಿಗೆ ಅಂಟಂಟಾದ ಬೀಜವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳದೆ ಗತಿಯಿಲ್ಲ; ಉಜ್ಜಿದಲ್ಲೇ ಬೀಜ ಮೊಳೆಯುತ್ತದೆ. ಪೊದೆಯನ್ನು ಸವರಿದರೆ ಸಾಲದು, ಗಂಟಿಗಿಂತ ಒಂದಡಿ ಹಿಂದಿನಿಂದ ಕೊಂಬೆಯನ್ನೇ ಕತ್ತರಿಸಬೇಕು. ಕತ್ತರಿಸಿದ ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿದರೆ ಶಿಲೀಂಧ್ರ ಒಳಹೋಗುವುದಿಲ್ಲ. ಮೈಲುತುತ್ತ ಒಂದು ಪಾಲು, ಸುಣ್ಣ ಒಂದು ಪಾಲು, ನೀರು ಹತ್ತು ಪಾಲು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಕಲಸಬೇಕು, ಕಬ್ಬಿಣದಲ್ಲಿ ಬೇಡ. ಹಾಗೇ ಕಾಂಡದ ಸುತ್ತ ಒಂದು ಸುತ್ತು ಬಂದು ನೋಡಿ. ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದ್ದರೆ ಕಾಂಡಕೊರಕ ಒಳಗಿದೆ. ತೂತಿಗೆ ಕೊಕ್ಕೆ ತಂತಿ ತೂರಿಸಿ ಹುಳುವನ್ನು ಎಳೆಯುವುದು ಅದು ಮರವನ್ನೇ ಟೊಳ್ಳು ಮಾಡುವ ಮೊದಲು ಆಗಬೇಕಾದ ಕೆಲಸ.

ಹಲಸಿನದು ಇನ್ನೊಂದು ಬಗೆ. ಅದರ ಕಾಯಿ ಬರುವುದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲಿನ ಚಿಕ್ಕ ಕಡ್ಡಿಗಳಲ್ಲಿ. ಕಾಂಡ ಚೊಕ್ಕಟವಾಗಿರಲಿ ಎಂದು ಅವನ್ನು ಕೆತ್ತಿ ತೆಗೆಯುವವರು ಕಾಯಿಯ ತೊಟ್ಟಿಲನ್ನೇ ತೆಗೆದಂತೆ. ಡಿಸೆಂಬರ್, ಜನವರಿಯಲ್ಲಿ ಹಲಸಿನ ಬುಡದಲ್ಲಿ ಬೆರಳುದ್ದದ ಕಾಯಿಗಳು ಕಪ್ಪಾಗಿ, ಬೂಸ್ಟು ಹಿಡಿದು ಉದುರುತ್ತವೆ. ರೋಗ ಬಂತೆಂದು ಔಷಧಿ ಅಂಗಡಿಗೆ ಓಡುವವರಿದ್ದಾರೆ. ಅವುಗಳಲ್ಲಿ ಬಹುಪಾಲು ಗಂಡು ಹೂಗೊಂಚಲುಗಳು. ಪರಾಗ ಚೆಲ್ಲಿದ ಮೇಲೆ ಅವುಗಳ ಕೆಲಸ ಮುಗಿಯಿತು. ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಸಾಕು.

ಇಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಓದುಗರು ಎದ್ದು ನಿಲ್ಲಬಹುದು. ನಮ್ಮ ದ್ರಾಕ್ಷಿಗೆ ಕತ್ತರಿಯಿಲ್ಲದೆ ಬೆಳೆಯೇ ಇಲ್ಲ, ನೀವು ತಡೆ ಅನ್ನುತ್ತೀರಿ ಎಂದು. ದ್ರಾಕ್ಷಿ ನಿಜಕ್ಕೂ ಬೇರೆ ಜಾತಿಯ ಲೆಕ್ಕ. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಎರಡು ಸಲ ಸವರುವಿಕೆ. ಏಪ್ರಿಲ್‌ನಲ್ಲಿ ಸವರಿ ಹೊಸ ಕಡ್ಡಿ ಬೆಳೆಸುತ್ತಾರೆ. ಆ ಕಡ್ಡಿಯ ಕಣ್ಣುಗಳೊಳಗೆ ಬೇಸಿಗೆಯಲ್ಲೇ ಗೊಂಚಲಿನ ಅಂಕುರ ಕೂರುತ್ತದೆ. ಅಕ್ಟೋಬರ್‌ನಲ್ಲಿ ಕಣ್ಣು ಎಣಿಸಿ ಮತ್ತೆ ಸವರಿದರೆ ಅದು ಒಡೆದು, ಚಳಿಗಾಲವಿಡೀ ಕಾಯಿ ತುಂಬಿ, ಫೆಬ್ರವರಿ, ಮಾರ್ಚ್‌ಗೆ ಹಣ್ಣು. ಅಂದರೆ ಚಳಿ ಕಾಲಿಡುವ ಹೊತ್ತಿಗೆ ಕತ್ತರಿಯ ಕೆಲಸ ಮುಗಿದಿರುತ್ತದೆ, ಉಳಿಯುವುದು ಕಾಯುವ ಕೆಲಸ. ಆ ಕತ್ತರಿಯೂ ಹೋಗುವುದು ಮೊಗ್ಗು ಎಲ್ಲಿದೆಯೆಂದು ತಿಳಿದ ಮೇಲೆ. ದಾಳಿಂಬೆಯ ಅಂಬೆ ಬಹಾರದವರನ್ನು ಕೇಳಿದರೆ ನನ್ನ ವಾದಕ್ಕೆ ಇನ್ನೂ ಬಲ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಹೂ ಬೇಕೆಂದರೆ ಅವರು ಅದಕ್ಕೆ ಮೊದಲು ಒಂದೂವರೆ ಎರಡು ತಿಂಗಳು ಡ್ರಿಪ್ ಬಂದ್ ಮಾಡುತ್ತಾರೆ. ಎಲೆ ಹಳದಿಯಾಗಿ ಉದುರಿದ ಮೇಲೆಯೇ ಕತ್ತರಿ, ಗೊಬ್ಬರ, ನೀರು. ನಾಗಪುರದ ಕಿತ್ತಳೆ ತೋಟಗಳಲ್ಲೂ ಅದೇ ಕ್ರಮ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗಂತೂ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಒಣಹವೆಯ ಮೇಲೆ ಬೀಳುವ ಮಾರ್ಚಿನ ಹೂಮಳೆಗೆ ಕಾಯುವ ಅವರು ಜನವರಿಯ ಮಳೆಗೆ ಬೆಚ್ಚಿಬೀಳುತ್ತಾರೆ. ಸೀಬೆ ಮಾತ್ರ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡವಾದ್ದರಿಂದ ಕತ್ತರಿಯನ್ನು ಸಹಿಸುತ್ತದೆ. ಆದರೂ ಅದರ ರುಚಿಯಾದ ಫಸಲು ಬರುವುದು ಈ ಚಳಿಯಲ್ಲೇ. ಹಣ್ಣು ಮುಗಿದ ಮೇಲೆ ಸವರಿದರೆ ಆಯಿತು.

ತಡೆಯ ನಿಯಮಕ್ಕೆ ಹೊರತಾದವೂ ಇವೆ. ನೆಟ್ಟು ಮೂರು ನಾಲ್ಕು ವರ್ಷವಾಗದ ಸಸಿಗೆ ಚಳಿಗಾಲದಲ್ಲೂ ನೀರು ಬೇಕೇಬೇಕು. ಅದಕ್ಕಿನ್ನೂ ಬೇರು ಆಳಕ್ಕಿಳಿದಿಲ್ಲ. ಕಸಿ ಮಾವು ಎರಡನೆಯ ವರ್ಷವೇ ಹೂ ಬಿಟ್ಟರೆ ಹಿಗ್ಗಿ ಫೋಟೊ ತೆಗೆಯಬಹುದು, ಆಮೇಲೆ ಚಿವುಟಿ ಹಾಕಬೇಕು. ಬಾಳೆ, ಪರಂಗಿ, ತೆಂಗು ವರ್ಷವಿಡೀ ನೀರು ಕುಡಿಯುವವು. ಈ ವ್ಯತ್ಯಾಸ ಗೊತ್ತಿಲ್ಲದೆ ಒಂದೇ ಪೈಪ್‌ನಿಂದ ಎಲ್ಲಕ್ಕೂ ಒಂದೇ ಅಳತೆ ಹಂಚುವುದರಲ್ಲೇ ಎಷ್ಟೋ ಹಿತ್ತಲುಗಳು ಸೋಲುತ್ತವೆ. ಇನ್ನು ಔಷಧಿಯಿಂದಲೇ ಹೂ ಬರಿಸಬಹುದಲ್ಲ ಎನ್ನುವವರ ಮಾತು. ಫಿಲಿಪ್ಪೀನ್ಸ್‌ನ ರಾಮೋನ್ ಬಾರ್ಬಾ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಿ ಮಾವಿಗೆ ಹೂ ಬರಿಸುವ ದಾರಿ ಕಂಡುಹಿಡಿದದ್ದು ನಿಜ. ಅಲ್ಲಿ ಅದಕ್ಕೂ ಮೊದಲು ಮರದ ಕೆಳಗೆ ಹೊಗೆ ಹಾಕುವ ರೂಢಿಯಿತ್ತು. ಆದರೆ ಆ ಸಿಂಪಡಣೆಯೂ ಕೆಲಸ ಮಾಡುವುದು ಬಲಿತ ಕಡ್ಡಿಯ ಮೇಲೆ ಮಾತ್ರ. ಕಲ್ಟಾರ್ ಎಂಬ ಹೆಸರಿನಲ್ಲಿ ಮಾರುವ ಪ್ಯಾಕ್ಲೋಬ್ಯುಟ್ರಜೋಲ್ ಚಿಗುರಿನ ಓಟವನ್ನು ತಡೆದು ಹೂವಿಗೆ ದಾರಿಮಾಡುತ್ತದೆ. ಅದನ್ನು ಮಣ್ಣಿಗೆ ಕೊಡುವ ಕಾಲ ಆಗಸ್ಟ್‌ನಿಂದ ಅಕ್ಟೋಬರ್, ಚಳಿಗಾಲವಲ್ಲ. ಮೇಲಾಗಿ ಅದು ಮಣ್ಣಿನಲ್ಲಿ ಬಹುಕಾಲ ಉಳಿದು ಪಕ್ಕದಲ್ಲಿ ಬೆಳೆದದ್ದನ್ನೂ ಕುಳ್ಳಾಗಿಸುತ್ತದೆ. ತರಕಾರಿ ಮಡಿಯಿರುವ ಮನೆಯ ಹಿತ್ತಲಿಗೆ ಅದು ತಕ್ಕ ವಸ್ತುವೇ ಅಲ್ಲ.

ಹೂ ಹೊರಟ ಮೇಲೆ ಮಾತ್ರ ಕಣ್ಣು ಚುರುಕಾಗಿರಬೇಕು. ಜನವರಿಯ ಬೆಳಗಿನ ಮಂಜು, ಮಧ್ಯಾಹ್ನದ ಒಣಬಿಸಿಲು ಸೇರಿದರೆ ಬೂದಿರೋಗ ಬರುತ್ತದೆ: ಗೊಂಚಲಿನ ತುದಿಗೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ, ಆಮೇಲೆ ಹೂ ಕಂದಿ ಉದುರುವುದು. ಗೊಂಚಲನ್ನು ಅಲುಗಾಡಿಸಿದಾಗ ಸಣ್ಣ ಬೆಣೆಯಾಕಾರದ ಕೀಟಗಳು ಚಟಪಟನೆ ಹಾರಿದರೆ ಅದು ಜಿಗಿಹುಳು. ಅದು ಸ್ರವಿಸುವ ಅಂಟು ಎಲೆಯ ಮೇಲೆ ಬಿದ್ದು ಕಪ್ಪು ಮಸಿ ಕಟ್ಟುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಮೂರು ಗ್ರಾಮಿನಂತೆ ಬೂದಿರೋಗಕ್ಕೆ, ಬೇವಿನ ಬೀಜದ ಕಷಾಯವನ್ನು ಜಿಗಿಹುಳುವಿಗೆ, ಹೂ ಅರಳುವ ಮೊದಲೇ ಸಿಂಪಡಿಸಬೇಕು. ಪೂರ್ತಿ ಅರಳಿದ ಮೇಲೆ ಯಾವ ಔಷಧಿಯೂ ಬೇಡ. ಮಾವಿನ ಗೊಂಚಲಿನಲ್ಲಿರುವ ಸಾವಿರಾರು ಹೂಗಳಲ್ಲಿ ಕಾಯಿಯಾಗಬಲ್ಲವು ಕೆಲವೇ. ಅವಕ್ಕೆ ಪರಾಗ ಮುಟ್ಟಿಸುವವು ನೊಣ, ಜೇನುಗಳು. ನೊಣವೆಂದು ಅಸಹ್ಯಪಟ್ಟು ಕೊಂದರೆ ಕಾಯಿ ಕಟ್ಟುವವರಾರು?

ಇಷ್ಟು ಹೇಳಿದ ಮೇಲೆ ಮರದ ಕೆಲಸ ಮುಗಿಯಿತು ಎನ್ನಬಹುದು, ಮೂರು ತಿಂಗಳಲ್ಲಿ ಹೆಚ್ಚೆಂದರೆ ನಾಲ್ಕೈದು ಬೆಳಗಿನ ಕೆಲಸ. ಉಳಿದ ಕೈಬಲವೆಲ್ಲ ಹೋಗಬೇಕಾದ್ದು ತರಕಾರಿ ಮಡಿಗೆ. ಅಲ್ಲಿ ಮೊದಲ ತಪ್ಪು ಜಾಗದ್ದು. ಮಳೆಗಾಲದಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತಿದ್ದ ಮೂಲೆ ಚಳಿಗಾಲದಲ್ಲಿ ಕತ್ತಲಾಗುವುದನ್ನು ಜನ ಗಮನಿಸುವುದಿಲ್ಲ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲಿರುವುದಿಲ್ಲ. ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 20 ಅಡಿ ಎತ್ತರದ ಮರವೋ ಗೋಡೆಯೋ ಆ ಹೊತ್ತಿನಲ್ಲಿ ಉತ್ತರಕ್ಕೆ ಸುಮಾರು 15 ಅಡಿ ನೆರಳು ಚೆಲ್ಲುತ್ತದೆ, ಬೀದರಿನಲ್ಲಿ ಇನ್ನೂ ಎರಡು ಮೂರು ಅಡಿ ಹೆಚ್ಚು. ಜೂನ್‌ನಲ್ಲಿ ಅದೇ ಮರದ ನಡುಹಗಲಿನ ನೆರಳು ನಾಲ್ಕಡಿಯನ್ನೂ ಮುಟ್ಟುವುದಿಲ್ಲ, ಅದೂ ದಕ್ಷಿಣಕ್ಕೆ. ಆದ್ದರಿಂದ ಚಳಿಗಾಲದ ಮಡಿ ಮನೆಯ ಅಥವಾ ಮರದ ದಕ್ಷಿಣಕ್ಕೋ ಪೂರ್ವಕ್ಕೋ ಇರಲಿ, ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗುವಂತಿರಲಿ. ಮಾವಿನ ಕೊಂಬೆ ಚಾಚಿದ ಅಂಚಿನಿಂದ ಹೊರಗಂತೂ ಇರಲೇಬೇಕು. ಮಾವಿನ ನೀರುಣ್ಣುವ ಬೇರುಗಳು ಆ ಅಂಚಿನವರೆಗೂ ಹರಡಿರುತ್ತವೆ. ದಿನವೂ ಕೊತ್ತಂಬರಿಗೆ ಹಾಕಿದ ನೀರನ್ನು ಕುಡಿದು ಮಾವು ಚಿಗುರುತ್ತದೆ, ಮಾವಿನ ನೆರಳಿಗೆ ಕೊತ್ತಂಬರಿ ಸೊರಗುತ್ತದೆ. ಹಿತ್ತಲು ಇಕ್ಕಟ್ಟಾಗಿದ್ದರೆ ಮಡಿಯನ್ನು ಬಾಳೆ, ತೆಂಗಿನ ಮಗ್ಗುಲಿಗೆ, ಬಿಸಿಲಿನ ಬದಿಗೆ ಹಾಕಿ. ಹರಿದ ನೀರು ಅವುಗಳಿಗೆ ದಕ್ಕುತ್ತದೆ.

ಮಣ್ಣಿನ ಕೆಲಸಕ್ಕೆ ಅವಸರ ಸಲ್ಲದು. ರೈತರು ಮಾಗಿ ಉಳುಮೆಗೆ ಬೆಲೆ ಕೊಡುವುದು ಸುಮ್ಮನಲ್ಲ. ಮಗುಚಿದ ಮಣ್ಣು ಬಿಸಿಲಿಗೆ ಬಿದ್ದಾಗ ಗೊಣ್ಣೆಹುಳು, ಕೋಶ, ಕಳೆಯ ಗಡ್ಡೆ ಮೇಲೆ ಬರುತ್ತವೆ, ಹಕ್ಕಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಹೊಸ ಮಡಿಯ ನೆಲವನ್ನೂ ಒಂದಡಿ ಆಳಕ್ಕೆ ಅಗೆದು, ವಾರ ಹತ್ತು ದಿನ ಹಾಗೇ ಬಿಡಬೇಕು. ಹೊಸ ಮನೆಯ ಸುತ್ತಲಿನ ಜಾಗವಾದರೆ ಸಿಮೆಂಟಿನ ಹೆಂಟೆ, ಜಲ್ಲಿ, ಗಾರೆಪುಡಿ ಹೆಕ್ಕುವುದರಲ್ಲೇ ಮೊದಲ ವಾರ ಕಳೆಯುತ್ತದೆ, ಕಳೆಯಲಿ. ಹಸಿ ಸಗಣಿ ಬೇಡ, ಅದು ಗೊಣ್ಣೆಹುಳುವಿಗೆ ಕೊಟ್ಟ ಆಹ್ವಾನ. ಕೈಯಲ್ಲಿ ಹಿಡಿದರೆ ಪುಡಿಯಾಗುವ, ವಾಸನೆ ಹೋದ ತಿಪ್ಪೆಗೊಬ್ಬರ ಬೇಕು, ಜೊತೆಗೆ ನಾಲ್ಕು ಹಿಡಿ ಬೇವಿನ ಹಿಂಡಿ. ಮಡಿಯ ಅಗಲ ಮೂರೂವರೆ ನಾಲ್ಕು ಅಡಿ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗ ಬರಬಾರದು. ಈ ಕಾಲದಲ್ಲಿ ಬೀದಿಬದಿಯ ಮರಗಳು ಸುರಿಸುವ ತರಗೆಲೆಯನ್ನು ನಗರಗಳಲ್ಲಿ ಮೂಟೆಗಟ್ಟಲೆ ಸುಡುತ್ತಾರೆ. ಗೊಬ್ಬರಕ್ಕೆ ದುಡ್ಡು ಕೊಟ್ಟು ಎಲೆಗೆ ಬೆಂಕಿ ಇಡುವ ಬುದ್ಧಿಗೆ ಏನೆನ್ನಬೇಕೋ. ಎರಡಂಗುಲ ದಪ್ಪಕ್ಕೆ ಆ ಎಲೆಯನ್ನು ಸಾಲುಗಳ ನಡುವೆ ಹೊದಿಸಿದರೆ ನೀರು ಅರ್ಧ ಉಳಿಯುತ್ತದೆ, ನಮ್ಮ ಕೆಂಪು ಮಣ್ಣು ಬಿಸಿಲಿಗೆ ಹಪ್ಪಳಗಟ್ಟುವುದೂ ತಪ್ಪುತ್ತದೆ.

ಯಾವುದನ್ನು ಬಿತ್ತಬೇಕು ಎಂಬುದರಲ್ಲಿ ಚಳಿಯೇ ಯಜಮಾನ. ಎಲೆಕೋಸು, ನವಿಲುಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಬಟಾಣಿ, ಬೀನ್ಸ್, ಪಾಲಕ್, ಮೆಂತ್ಯ ಇವಕ್ಕೆ ಇದು ತವರಿನ ಹವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಬೀನ್ಸ್, ಅರ್ಕಾ ನಿಶಾಂತ್ ಮೂಲಂಗಿ, ಎಲೆಮುರುಟು, ಸೊರಗು ರೋಗ, ಎಲೆಚುಕ್ಕೆ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಹೊಸಬರಿಗೆ ಧೈರ್ಯ ಕೊಡುವ ತಳಿಗಳು. ಬೆಂಡೆ, ಹೀರೆ, ಸೋರೆಯ ಬೀಜ ತಣ್ಣನೆಯ ಮಣ್ಣಿನಲ್ಲಿ ಮೊಳೆಯಲು ತಿಣುಕುತ್ತದೆ. ಅವನ್ನು ಜನವರಿ ಕೊನೆಗೆ ಇಟ್ಟುಕೊಳ್ಳಿ. ಕೊತ್ತಂಬರಿಯನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಮೊಳಕೆ ಬರಲು ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹುಟ್ಟಲಿಲ್ಲವೆಂದು ಆರನೆಯ ದಿನ ಕೆದಕಿ ನೋಡುವವರಿಂದಲೇ ಅರ್ಧ ಕೊತ್ತಂಬರಿ ಸಾಯುತ್ತದೆ. ಅವರೆಯ ವಿಷಯದಲ್ಲಿ ಎಚ್ಚರ ಬೇಕು. ಸಂಕ್ರಾಂತಿಯ ಸೊಗಡು ತುಂಬಿದ ಅವರೆಕಾಯಿ ಕಂಡು ಡಿಸೆಂಬರ್‌ನಲ್ಲಿ ಬೀಜ ಊರುವವರಿದ್ದಾರೆ. ಹಳೆಯ ತಳಿಯ ಅವರೆ ಹಗಲು ಕಿರಿದಾದಾಗ ಹೂ ಬಿಡುವ ಬೆಳೆ; ರಾಗಿಯ ಜೊತೆ ಮಳೆಗಾಲದಲ್ಲಿ ಬಿತ್ತಿದ್ದು ಬಳ್ಳಿಯಾಗಿ ಹಬ್ಬಿ ನವೆಂಬರ್‌ನಲ್ಲಿ ಹೂವಾಗುತ್ತದೆ. ಡಿಸೆಂಬರ್‌ನಲ್ಲಿ ಬಿತ್ತಿದ್ದಕ್ಕೆ ಬೆಳೆಯಲು ಪುರಸೊತ್ತೇ ಸಿಗದೆ ಗೇಣುದ್ದಕ್ಕೆ ಹೂ ಬಿಟ್ಟು ನಾಲ್ಕು ಕಾಯಿಗೆ ಮುಗಿಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಹಗಲಿನ ಅಳತೆಯ ಹಂಗಿಲ್ಲ. ಈಗ ಬಿತ್ತುವವರು ಅವನ್ನೇ ಕೇಳಿ ತರಬೇಕು.

ಮಡಿಗೆ ದಿನವೂ ಹೊತ್ತು ಕೊಡಲು ಈ ಕಾಲದಲ್ಲಿ ಯಾರಿಗೆ ಬಿಡುವಿದೆ ಎಂಬ ಆಕ್ಷೇಪ ಉಳಿಯುತ್ತದೆ. ಅದಕ್ಕೆ ಉತ್ತರ ಮಡಿಯ ಗಾತ್ರದಲ್ಲಿದೆ. ಹತ್ತಡಿ ಉದ್ದದ ಎರಡು ಮಡಿಗೆ ಬೆಳಗ್ಗೆ ಕಾಲು ಗಂಟೆ ಸಾಕು. ಆರು ಮಡಿ ಮಾಡಿ ಹದಿನೈದು ದಿನಕ್ಕೆ ಬೇಸತ್ತು ಬಿಡುವುದಕ್ಕಿಂತ ಅದು ಮೇಲು. ನೀರು ಬೆಳಗ್ಗೆಯೇ ಆಗಲಿ, ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ರೋಗಕ್ಕೆ ಹಾಸಿಗೆ ಹಾಸಿದಂತೆ. ಆ ಕಾಲು ಗಂಟೆಯಲ್ಲಿ ನೀರಿಗಿಂತ ಹೆಚ್ಚು ಫಲ ಕೊಡುವುದು ಎಲೆಯ ಅಡಿಭಾಗ ತಿರುಗಿಸಿ ನೋಡುವ ಕೆಲಸ. ಸಸ್ಯಹೇನಿನ ಮೊದಲ ಗುಂಪನ್ನು ಬೆರಳಲ್ಲೇ ಒರೆಸಬಹುದು, ವಾರ ಬಿಟ್ಟರೆ ಪಂಪ್ ಬೇಕಾಗುತ್ತದೆ. ಎಲೆಕೋಸಿಗೆ ತೂತು ಕೊರೆಯುವ ವಜ್ರಬೆನ್ನಿನ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಕೋಸಿನ ಹೊಲದಲ್ಲಿ 25 ಸಾಲಿಗೆ ಎರಡು ಸಾಲು ಸಾಸಿವೆ ಬಿತ್ತುವ ಉಪಾಯವನ್ನು ಹೆಸರಘಟ್ಟದ ವಿಜ್ಞಾನಿಗಳೇ ರೂಪಿಸಿದ್ದು. ಮನೆಯ ಮಡಿಗೆ ಅಂಚಿನಲ್ಲಿ ಒಗ್ಗರಣೆ ಡಬ್ಬಿಯ ಒಂದು ಚಿಟಿಕೆ ಸಾಸಿವೆ ಉದುರಿಸಿದರೂ ನಡೆಯುತ್ತದೆ, ಕೋಸಿನ ಸಸಿ ನೆಡುವುದಕ್ಕೆ ಹದಿನೈದು ದಿನ ಮುಂಚೆ ಉದುರಿಸಬೇಕು, ಅಷ್ಟೇ.

ಹೀಗೆ ಬಿತ್ತಿದ ಮೂಲಂಗಿ, ಮೆಂತ್ಯ ಡಿಸೆಂಬರ್‌ಗೇ ಅಡುಗೆಮನೆ ಸೇರುತ್ತವೆ. ಕೋಸು, ಕ್ಯಾರೆಟ್, ಬೀಟ್‌ರೂಟ್ ಫೆಬ್ರವರಿ ಕೊನೆಯೊಳಗೆ ಮುಗಿಯುತ್ತವೆ. ಮಾವಿನ ಕಾಯಿ ಬಟಾಣಿಯ ಗಾತ್ರಕ್ಕೆ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಗ ನೀರನ್ನು ಮರದತ್ತ ತಿರುಗಿಸಿ, ಹತ್ತು ದಿನಕ್ಕೊಮ್ಮೆ, ಕಾಂಡದ ಬುಡಕ್ಕಲ್ಲ, ಕೊಂಬೆಯ ಅಂಚು ಬೀಳುವ ಸುತ್ತಿನಲ್ಲಿ. ಕಾಯಿ ಬಲಿತು ಕೊಯ್ಲಿಗೆ ಎರಡು ಮೂರು ವಾರ ಉಳಿದಿರುವಾಗ ಮತ್ತೆ ನಿಲ್ಲಿಸಿ.